ಗೇಟಿನೊಳಗಿನ ಡೇರೆ: ನಮೀಬಿಯದಲ್ಲಿ ಹತ್ತು ದಿನಗಳ ಶಿಬಿರ ಸಫಾರಿ

ನಮೀಬಿಯದ ಮರುಭೂಮಿಯನ್ನೂ ವನ್ಯಜೀವಿ ಪ್ರದೇಶವನ್ನೂ ಡೇರೆಯಲ್ಲಿ ಉಳಿಸಿ ತೋರಿಸುವ ಪ್ರವಾಸಗಳು ಹಲವಿವೆ. ನಾವಿಬ್ಬರು ಜುಲೈ ಕೊನೆಯಲ್ಲಿ ಹೋಗಿಬಂದದ್ದು ರಾಜಧಾನಿ ವಿಂಡ್‌ಹುಕ್‌ನಿಂದ ಹೊರಟು ವಿಂಡ್‌ಹುಕ್‌ಗೇ ಮರಳುವ, ಹತ್ತು ಹಗಲು ಒಂಬತ್ತು ರಾತ್ರಿಗಳ ಪ್ರವಾಸ. ಹನ್ನೆರಡು ಮಂದಿ ಪ್ರವಾಸಿಗರು, ಒಬ್ಬ ಮಾರ್ಗದರ್ಶಿ, ಅಡುಗೆಯನ್ನೂ ನೋಡಿಕೊಳ್ಳುವ ಒಬ್ಬ ಚಾಲಕ, ಲಾರಿಯ ಚಾಸಿಯ ಮೇಲೆ ಎತ್ತರದ ಕಿಟಕಿಗಳ ಮೈ ಕಟ್ಟಿ ಮಾಡಿದ ಒಂದು ವಾಹನ, ಇಷ್ಟು ಇದರ ಬಳಗ. ನಡೆಸಿದ ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇದೇ ದಾರಿಯಲ್ಲಿ ಹೆಚ್ಚುಕಡಿಮೆ ಇದೇ ಕ್ರಮದಲ್ಲಿ ಕರೆದೊಯ್ಯುವವರು ಅನೇಕರಿರುವುದರಿಂದ, ನನ್ನ ಮೆಚ್ಚುಗೆ ಮತ್ತು ಆಕ್ಷೇಪಗಳಲ್ಲಿ ಹೆಚ್ಚಿನವು ಅವರ ಪ್ರವಾಸಗಳಿಗೂ ಹೊಂದಬಹುದು.

ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಡೇರೆ ಎಂದರೆ ಕಡಿಮೆ ಖರ್ಚು ಎಂದಷ್ಟೇ ತಿಳಿದು ಈ ಬಗೆಯ ಪ್ರವಾಸವನ್ನು ಆರಿಸಿಕೊಂಡವರಿಗೆ ನಿರಾಶೆಯಾಗಬಹುದು, ಏಕೆಂದರೆ ಉದ್ಯಾನದ ಶುಲ್ಕ, ಇಂಧನ, ದೂರ ಇವೆಲ್ಲ ಸೇರಿ ಬೆಲೆ ಅಂಥ ಕಡಿಮೆಯೇನೂ ಆಗುವುದಿಲ್ಲ. ಡೇರೆಯಿಂದ ಸಿಗುವ ನಿಜವಾದ ಲಾಭವೆಂದರೆ ಸರಿಯಾದ ಹೊತ್ತಿಗೆ ಸರಿಯಾದ ಜಾಗದಲ್ಲಿ ಇರುವ ಅವಕಾಶ. ನಮ್ಮ ಪ್ರವಾಸ ಆ ಅವಕಾಶವನ್ನು ಮೂರು ಕಡೆ ಒದಗಿಸಿತು, ಎರಡು ಕಡೆ ಕೈಯಲ್ಲಿದ್ದುದನ್ನು ಕಳೆದುಕೊಂಡಿತು.

ಇದು ಪ್ರವಾಸಿಗರೂ ಕೆಲಸದಲ್ಲಿ ಕೈಜೋಡಿಸಬೇಕಾದ ಪ್ರವಾಸ ಎಂಬುದನ್ನು ಕಾಯ್ದಿರಿಸುವಾಗಲೇ ಸ್ಪಷ್ಟವಾಗಿ ಹೇಳಿದ್ದರು. ಇಬ್ಬರಿಗೊಂದರಂತೆ ಕೊಟ್ಟ ಡೇರೆಗಳು ದಪ್ಪ ಕ್ಯಾನ್ವಾಸಿನವು, ಒಳಗೆ ನೆಟ್ಟಗೆ ನಿಂತು ಬಟ್ಟೆ ಬದಲಿಸುವಷ್ಟು ಎತ್ತರವಿದ್ದವು. ಮೊದಲ ಸಂಜೆ ಅರ್ಧ ಗಂಟೆ ಹಿಡಿದ ಡೇರೆ ಕಟ್ಟುವ ಕೆಲಸ ನಾಲ್ಕನೆಯ ಸಂಜೆಗೆ ಹತ್ತು ನಿಮಿಷಕ್ಕೆ ಇಳಿಯಿತು. ಪಾತ್ರೆ ತೊಳೆಯುವುದಕ್ಕೂ ಸರದಿಯಿತ್ತು. ತಟ್ಟೆಗಳನ್ನು ಬಟ್ಟೆಯಿಂದ ಒರೆಸುವಂತಿಲ್ಲ, ಎರಡು ಕೈಯಲ್ಲಿ ಎರಡು ತಟ್ಟೆ ಹಿಡಿದು ಗಾಳಿಯಲ್ಲಿ ಬೀಸಿ ಒಣಗಿಸಬೇಕು. ಒದ್ದೆ ಬಟ್ಟೆಯೊಂದರಿಂದ ಒಬ್ಬರ ಹೊಟ್ಟೆಯ ಕಾಯಿಲೆ ಹನ್ನೆರಡು ಜನಕ್ಕೆ ಹರಡದಿರಲೆಂದು ಆಫ್ರಿಕದ ಶಿಬಿರ ಪ್ರವಾಸಗಳಲ್ಲಿ ಬಹಳ ಕಾಲದಿಂದ ನಡೆದುಬಂದ ಪದ್ಧತಿಯಿದು. ಕತ್ತಲಲ್ಲಿ ಹನ್ನೆರಡು ಮಂದಿ ಸಾಲಾಗಿ ನಿಂತು ಹಾರಲು ಕಲಿಯುತ್ತಿರುವ ಹಕ್ಕಿಗಳಂತೆ ತಟ್ಟೆ ಬಡಿಯುವುದು ಮೊದಲ ದಿನ ನಾಚಿಕೆ ತರಿಸಿತು, ಆಮೇಲೆ ಅಭ್ಯಾಸವಾಯಿತು. ಹತ್ತು ದಿನವೂ ಯಾರ ಹೊಟ್ಟೆಯೂ ಕೆಡಲಿಲ್ಲ.

ಮಲಗುವ ಚೀಲದ ವಿಷಯದಲ್ಲಿ ಮಾತ್ರ ಸಂಸ್ಥೆ ಎಚ್ಚರ ತಪ್ಪಿತು. ಜುಲೈ ಅಲ್ಲಿ ಚಳಿಗಾಲ. ಹಗಲಿನಲ್ಲಿ ತೆಳು ಅಂಗಿ ಸಾಕೆನಿಸಿದರೂ, ಬೆಳಗಿನ ಜಾವದ ಹೊತ್ತಿಗೆ ಮರುಭೂಮಿಯಲ್ಲಿ ಉಷ್ಣತೆ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ. ಬಾಡಿಗೆಗೆ ಕೊಟ್ಟ ಚೀಲಗಳು ಬೇಸಿಗೆಗೆ ಹೊಂದುವಂಥವು. ಮೊದಲ ರಾತ್ರಿ ನಮ್ಮಲ್ಲಿದ್ದ ಎಲ್ಲ ಬಟ್ಟೆಗಳನ್ನೂ ಹೇರಿಕೊಂಡು ಮಲಗಿದೆವು. ಮಾರ್ಗದರ್ಶಿ ಮರುದಿನ ತನ್ನ ಪೆಟ್ಟಿಗೆಯಿಂದ ಎರಡು ಕಂಬಳಿ ತೆಗೆದುಕೊಟ್ಟದ್ದು ಅವನ ಸೌಜನ್ಯ. ಜೂನ್‌ನಿಂದ ಆಗಸ್ಟ್‌ವರೆಗೆ ಹೋಗುವವರು ಬೆಚ್ಚನೆಯ ಚೀಲವನ್ನೂ ಉಣ್ಣೆಯ ಟೋಪಿಯನ್ನೂ ತಾವೇ ಒಯ್ಯುವುದು ಒಳ್ಳೆಯದು.

ವಿಂಡ್‌ಹುಕ್‌ನಿಂದ ಸೆಸ್ರೀಮ್‌ಗೆ 300 ಕಿಲೋಮೀಟರಿಗೂ ಹೆಚ್ಚು ದೂರ, ಅದರಲ್ಲಿ ಬಹುಪಾಲು ಜಲ್ಲಿರಸ್ತೆ. ಸೆಸ್ರೀಮ್ ಎಂದರೆ ಆಫ್ರಿಕಾನ್ಸ್ ಭಾಷೆಯಲ್ಲಿ ಆರು ಚರ್ಮದ ಪಟ್ಟಿಗಳು. ಅಲ್ಲಿನ ಕಿರುಕಣಿವೆಯ ತಳದಲ್ಲಿ ನಿಂತ ನೀರನ್ನು ಸೇದಲು ಹಿಂದಿನವರು ಎತ್ತಿನ ಆರು ಪಟ್ಟಿಗಳನ್ನು ಒಂದಕ್ಕೊಂದು ಗಂಟುಹಾಕಬೇಕಾಗುತ್ತಿತ್ತಂತೆ. ಈ ಊರಿನ ಮಹತ್ವವಿರುವುದು ಮರಳುದಿಬ್ಬಗಳಿರುವ ಉದ್ಯಾನಕ್ಕೆ ಹೋಗುವ ಅದರ ಎರಡು ಗೇಟುಗಳಲ್ಲಿ. ಹೊರಗಿನ ಗೇಟು ಸೂರ್ಯೋದಯಕ್ಕೆ ತೆರೆಯುತ್ತದೆ. ಸರ್ಕಾರಿ ಶಿಬಿರತಾಣ ಎರಡೂ ಗೇಟುಗಳ ನಡುವೆ ಇರುವುದರಿಂದ, ಅಲ್ಲಿ ತಂಗಿದವರಿಗೆ ಒಳಗಿನ ಗೇಟು ಸೂರ್ಯೋದಯಕ್ಕೆ ಒಂದು ಗಂಟೆ ಮೊದಲೇ ತೆರೆದುಕೊಳ್ಳುತ್ತದೆ. ಡ್ಯೂನ್ 45 ಎಂಬ ಹೆಸರಾಂತ ಮರಳುದಿಬ್ಬ ಗೇಟಿನಿಂದ 45 ಕಿಲೋಮೀಟರ್ ದೂರದಲ್ಲಿದೆ, ವೇಗದ ಮಿತಿ ಗಂಟೆಗೆ 60 ಕಿಲೋಮೀಟರ್. ಲೆಕ್ಕ ಹಾಕಿದರೆ ದಿಬ್ಬದ ಬುಡಕ್ಕೆ ತಲುಪುವಾಗ ಸೂರ್ಯ ಹುಟ್ಟಲು ಕಾಲು ಗಂಟೆ ಉಳಿದಿರುತ್ತದೆ. ಹೊರಗಿನ ವಸತಿಗೃಹಗಳಲ್ಲಿ ಎಷ್ಟೇ ದುಬಾರಿ ಕೋಣೆ ಹಿಡಿದವರಿಗೂ ಆ ಕಾಲು ಗಂಟೆ ದಕ್ಕುವುದಿಲ್ಲ.

ನಮ್ಮ ಚಾಲಕ ಗೇಟಿನ ಮುಂದೆ ಮೊದಲ ವಾಹನವಾಗಿ ನಿಂತಿದ್ದ. ಏಳೂವರೆಯ ಸುಮಾರಿಗೆ ಬೆಳಕು ಬಂದಾಗ ನಾವು ದಿಬ್ಬದ ಏಣಿನ ಮೇಲೆ ಅರ್ಧ ದಾರಿ ಏರಿದ್ದೆವು. ಏಣಿನ ಒಂದು ಮಗ್ಗುಲು ಕಿತ್ತಳೆ ಕೆಂಪಾಗಿ, ಇನ್ನೊಂದು ಮಗ್ಗುಲು ಕಡುಗಪ್ಪಾಗಿ, ನಡುವಿನ ಗೆರೆ ಕತ್ತಿಯ ಅಲಗಿನಂತೆ ಕಾಣುವ ಆ ನೋಟಕ್ಕೆ ಇರುವ ಆಯಸ್ಸು ಇಪ್ಪತ್ತು ನಿಮಿಷಕ್ಕಿಂತ ಹೆಚ್ಚಲ್ಲ. ಮರಳಿನ ಕೆಂಪಿಗೆ ಕಾರಣ ಅದರ ಕಣಗಳಿಗೆ ಹತ್ತಿದ ಕಬ್ಬಿಣದ ತುಕ್ಕು, ಕರಾವಳಿಯಿಂದ ಒಳನಾಡಿಗೆ ಬಂದಷ್ಟೂ ಕೆಂಪು ಗಾಢವಾಗುತ್ತದೆ ಎಂದು ಮಾರ್ಗದರ್ಶಿ ಏರುದಾರಿಯಲ್ಲಿ ಏದುಸಿರು ಬಿಡದೆ ವಿವರಿಸಿದ. ನಮಗಾದರೋ ಎರಡು ಹೆಜ್ಜೆ ಇಟ್ಟರೆ ಒಂದು ಹೆಜ್ಜೆ ಹಿಂದಕ್ಕೆ ಜಾರುತ್ತಿತ್ತು. 2013ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಈ ಮರಳಸಾಗರವನ್ನು ನೋಡಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ, ಮತ್ತು ಇದೊಂದು ಬೆಳಗಿಗಾಗಿ ಸಂಸ್ಥೆಗೆ ಪೂರ್ಣ ಅಂಕ ಕೊಡಬೇಕು.

ಅದೇ ದಿನ ಗಳಿಸಿದ್ದನ್ನು ಅದೇ ದಿನ ಕಳೆದದ್ದೂ ಆಯಿತು. ದಿಬ್ಬ ಇಳಿದ ಮೇಲೆ ಅದರ ಬುಡದಲ್ಲೇ ಒಲೆ ಹೂಡಿ, ಮೊಟ್ಟೆ ಬೇಯಿಸಿ, ಬ್ರೆಡ್ ಕಾಯಿಸಿ, ಪಾತ್ರೆ ಬೀಸಿ ಒಣಗಿಸಿ ಹೊರಡುವಾಗ ಎರಡು ಗಂಟೆ ಸರಿದಿತ್ತು. ಡಾಂಬರು ರಸ್ತೆ ಮುಗಿದ ಮೇಲಿನ ಸುಮಾರು 5 ಕಿಲೋಮೀಟರ್ ಸಡಿಲ ಮರಳಿನ ಹಾದಿ. ಅಲ್ಲಿ ನಾಲ್ಕೂ ಚಕ್ರಕ್ಕೆ ಶಕ್ತಿಯಿರುವ ವಾಹನಗಳಷ್ಟೇ ಹೋಗಬಲ್ಲವು, ನಮ್ಮ ಲಾರಿಗೆ ಅದು ಸಾಧ್ಯವಿಲ್ಲ. ಬಾಡಿಗೆಯ ಜೀಪಿಗಾಗಿ ಸಾಲಿನಲ್ಲಿ ಕಾದು, ಅಲ್ಲಿಂದ ಮುಂದೆ ನಡೆದು, ಡೆಡ್‌ವ್ಲೇ ಎಂಬ ಬಿಳಿ ಜೇಡಿಯ ಬಟ್ಟಲನ್ನು ಮುಟ್ಟಿದಾಗ ಸೂರ್ಯ ನಡುನೆತ್ತಿಯ ಹತ್ತಿರವಿದ್ದ. ತ್ಸೌಚಾಬ್ ನದಿಯ ನೀರು ಹಿಂದೊಮ್ಮೆ ಇಲ್ಲಿಗೆ ಬರುತ್ತಿತ್ತು, ಮರಳುದಿಬ್ಬಗಳು ಅದರ ದಾರಿಯನ್ನು ಮುಚ್ಚಿದ ಮೇಲೆ ಜಾಲಿಯ ಜಾತಿಯ ಮರಗಳು ಸತ್ತವು. ಹಾಗೆ ಸತ್ತು ಶತಮಾನಗಳೇ ಕಳೆದಿದ್ದರೂ ಕೊಳೆಯುವುದಕ್ಕೆ ಬೇಕಾದ ತೇವವೇ ಇಲ್ಲದ ಕಾರಣ ಅವು ಬಿಸಿಲಿಗೆ ಸುಟ್ಟು ಕಪ್ಪಾಗಿ ನಿಂತೇ ಇವೆ. ಆ ಮರಗಳ ಚೆಲುವಿನ ಅರ್ಧ ಭಾಗ ಅವುಗಳ ಉದ್ದ ನೆರಳಿನಲ್ಲಿದೆ. ನಾವು ಹೋದಾಗ ನೆರಳು ಬೇರುಗಳ ಸುತ್ತ ಮುದುಡಿಕೊಂಡಿತ್ತು. ಬುತ್ತಿ ಕಟ್ಟಿಕೊಟ್ಟು ನೇರವಾಗಿ ಡೆಡ್‌ವ್ಲೇಗೆ ಕರೆದೊಯ್ದು, ಉಪಾಹಾರವನ್ನು ಆಮೇಲೆ ಇಟ್ಟುಕೊಳ್ಳಬಹುದಿತ್ತಲ್ಲ ಎಂದು ಕೇಳಿದರೆ, ವೇಳಾಪಟ್ಟಿ ಕಚೇರಿಯಿಂದ ಬರುತ್ತದೆ ಎಂಬ ಉತ್ತರ ಸಿಕ್ಕಿತು.

ಕರಾವಳಿಯ ಊರಾದ ಸ್ವಾಕೊಪ್‌ಮುಂಡ್‌ಗೆ ಹೋಗುವ ದಾರಿಯಲ್ಲಿ ಹಿಂದಿನ ಚಕ್ರವೊಂದು ಸಿಡಿಯಿತು. ಜಲ್ಲಿರಸ್ತೆಯಲ್ಲಿ ಅದು ಸಹಜ, ದೂರಲಾರೆ. ಚಾಲಕ ಮುಕ್ಕಾಲು ಗಂಟೆಯಲ್ಲಿ ಬದಲಾಯಿಸಿದ, ಎರಡನೆಯ ಬಿಡಿಚಕ್ರವೂ ಇತ್ತು. ಸ್ವಂತವಾಗಿ ಕಾರು ಬಾಡಿಗೆ ಹಿಡಿದು ಹೋಗಬೇಕೆಂದಿರುವವರು ಈ ಮಾತನ್ನು ಗಮನಿಸಬೇಕು, ಏಕೆಂದರೆ ಆ ಮುಕ್ಕಾಲು ಗಂಟೆಯಲ್ಲಿ ನಮ್ಮನ್ನು ದಾಟಿ ಹೋದ ವಾಹನಗಳು ಎರಡೇ. ಎಂಟು ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚು ವಿಸ್ತಾರದ ದೇಶದಲ್ಲಿ ಸುಮಾರು 30 ಲಕ್ಷ ಜನರಷ್ಟೇ ಇದ್ದಾರೆ ಎಂಬುದರ ಅರ್ಥ ಅಂಥ ರಸ್ತೆಯ ಬದಿಯಲ್ಲಿ ನಿಂತಾಗ ಆಗುತ್ತದೆ.

ಸ್ವಾಕೊಪ್‌ಮುಂಡ್‌ನಲ್ಲಿ ಎರಡು ರಾತ್ರಿ ಡೇರೆಯಿಲ್ಲ, ವಸತಿಗೃಹ. ಬಿಸಿನೀರಿನ ಸ್ನಾನಕ್ಕೂ ಬಟ್ಟೆ ಒಗೆಯುವುದಕ್ಕೂ ಈ ಬಿಡುವು ಬೇಕಾಗಿತ್ತು. ಬೆಂಗ್ವೆಲಾ ಎಂಬ ತಣ್ಣನೆಯ ಸಾಗರಪ್ರವಾಹದಿಂದ ಏಳುವ ಮಂಜು ಮಧ್ಯಾಹ್ನದವರೆಗೂ ಊರನ್ನು ಮುಸುಕಿರುತ್ತದೆ. ಮಳೆ ಬಾರದ ಆ ಕರಾವಳಿಯಲ್ಲಿ ಕೆಲವು ಜೀರುಂಡೆಗಳು ದಿಬ್ಬದ ನೆತ್ತಿಯ ಮೇಲೆ ತಲೆ ತಗ್ಗಿಸಿ ಬೆನ್ನೆತ್ತಿ ನಿಂತು, ಮೈಮೇಲೆ ಕಟ್ಟಿದ ಮಂಜಿನ ಹನಿ ಬಾಯಿಗೆ ಜಾರುವಂತೆ ಮಾಡಿಕೊಂಡು ಬದುಕುತ್ತವೆ. ಎರಡೇ ಎಲೆಗಳಿಂದ ಸಾವಿರ ವರ್ಷಕ್ಕೂ ಮೀರಿ ಬಾಳಬಲ್ಲ ವೆಲ್ವಿಚಿಯ ಗಿಡವನ್ನೂ ಆ ಸುತ್ತಿನಲ್ಲಿ ನೋಡಬಹುದು. ಇವೆರಡೂ ಹೆಚ್ಚುವರಿ ಹಣದ ಪ್ರತ್ಯೇಕ ಸುತ್ತಾಟಗಳಲ್ಲಿ ಸೇರಿವೆ, ಕೊಟ್ಟ ಹಣಕ್ಕೆ ಮೋಸವಿಲ್ಲ. ಹತ್ತಿರದ ವಾಲ್ವಿಸ್ ಬೇಯ ರಾಜಹಂಸಗಳು ಸಾವಿರಾರು ಸಂಖ್ಯೆಯಲ್ಲಿದ್ದವು, ಆದರೆ ದೂರದಲ್ಲಿದ್ದವು.

ಈ ಊರಿನ ಬಗ್ಗೆ ನನಗಿರುವ ಆಕ್ಷೇಪ ಬೇರೆ ಬಗೆಯದು. 1892ರಲ್ಲಿ ಜರ್ಮನರು ಸ್ಥಾಪಿಸಿದ ಊರೆಂದು ಹೇಳಿ, ಬಣ್ಣದ ಮರದ ಕಟ್ಟಡಗಳನ್ನೂ ಬೇಕರಿಗಳನ್ನೂ ತೋರಿಸಿ, ಊರಿನ ಸುತ್ತಾಟವನ್ನು ಮುಗಿಸಿಬಿಟ್ಟರು. 1904ರಿಂದ 1908ರವರೆಗೆ ಹೆರೆರೊ ಮತ್ತು ನಾಮಾ ಜನರ ಮೇಲೆ ನಡೆದ ನರಮೇಧದಲ್ಲಿ ಈ ಊರಿನಲ್ಲೂ ಸೆರೆಶಿಬಿರವಿತ್ತು. ಅಲ್ಲಿ ಸತ್ತವರ ಗುರುತಿಲ್ಲದ ಮಣ್ಣಿನ ದಿಣ್ಣೆಗಳು ಊರಿನ ಸ್ಮಶಾನದ ಮಗ್ಗುಲಲ್ಲೇ ಇವೆ. ಅದು ನರಮೇಧವೆಂದು ಜರ್ಮನ್ ಸರ್ಕಾರವೇ 2021ರಲ್ಲಿ ಒಪ್ಪಿಕೊಂಡಿದೆ. ಎರಡು ದಿನದ ಬಿಡುವಿನಲ್ಲಿ ಅಲ್ಲಿಗೆ ಅರ್ಧ ಗಂಟೆ ಕರೆದೊಯ್ಯುವುದು ಕಷ್ಟವಾಗಿರಲಿಲ್ಲ. ಮುಂದಿನ ತಂಗುದಾಣವಾದ ಸ್ಪಿಟ್ಸ್‌ಕೊಪ್ಪೆಯಲ್ಲಿ ಬೆಂಕಿಯ ಸುತ್ತ ಕುಳಿತಾಗ ನಾವಾಗಿ ಕೇಳಿದ ಮೇಲೆ ಮಾರ್ಗದರ್ಶಿ ಬಹಳ ಹೊತ್ತು ಮಾತಾಡಿದ. ಪ್ರವಾಸಿಗರು ರಜೆಯಲ್ಲಿ ಇದನ್ನು ಕೇಳಲು ಇಷ್ಟಪಡುವುದಿಲ್ಲವೆಂದು ತನಗೆ ಹೇಳಿಕೊಟ್ಟಿದ್ದಾರೆ, ಕೇಳಿದವರಿಗೆ ಮಾತ್ರ ಹೇಳುತ್ತೇನೆ ಎಂದ. ಅವನು ಬಲ್ಲವನೆಂಬುದು ಗೊತ್ತಾದ ಮೇಲೆ ಆ ಮೌನ ಇನ್ನಷ್ಟು ಅನ್ಯಾಯವೆನಿಸಿತು.

ಸ್ಪಿಟ್ಸ್‌ಕೊಪ್ಪೆ 1,728 ಮೀಟರ್ ಎತ್ತರದ ಗ್ರಾನೈಟ್ ಶಿಖರ. ಸುತ್ತಲಿನ ಬಯಲಿನಿಂದ ಸುಮಾರು 700 ಮೀಟರ್ ಏಕಾಏಕಿ ಎದ್ದು ನಿಂತಿದೆ. ನಮ್ಮ ಜಾಗದಲ್ಲಿ ನಲ್ಲಿಯಿರಲಿಲ್ಲ, ವಿದ್ಯುತ್ತಿರಲಿಲ್ಲ, ಶೌಚಕ್ಕೆ ಗುಂಡಿ ತೋಡಿದ ಒಂದು ಕೋಣೆಯಿತ್ತು, ಮುಖ ತೊಳೆಯಲು ತಲಾ ಒಂದು ಚೆಂಬು ನೀರು. ಇಡೀ ಪ್ರವಾಸದಲ್ಲಿ ಅತ್ಯಂತ ಕಡಿಮೆ ಸೌಕರ್ಯವಿದ್ದ ಈ ರಾತ್ರಿಯನ್ನೇ ಹನ್ನೆರಡು ಮಂದಿಯಲ್ಲಿ ಒಂಬತ್ತು ಜನ ಅತ್ಯುತ್ತಮವೆಂದು ಆರಿಸಿದರು. ಜುಲೈ ರಾತ್ರಿಗಳಲ್ಲಿ ಆಕಾಶಗಂಗೆಯ ದಟ್ಟ ನಡುಭಾಗ ಅಲ್ಲಿ ನೆತ್ತಿಯ ಮೇಲೆಯೇ ಬರುತ್ತದೆ. ಹತ್ತಾರು ಕಿಲೋಮೀಟರ್ ಸುತ್ತ ಒಂದು ದೀಪವಿಲ್ಲದ ಕಾರಣ, ಚುಕ್ಕಿಗಳಿಗಿಂತ ಅವುಗಳ ನಡುವಿನ ಕಪ್ಪು ಮೋಡಗಳೇ ಎದ್ದು ಕಾಣುತ್ತಿದ್ದವು. ಹಲವರು ಡೇರೆಯೊಳಗೆ ಹೋಗದೆ ಹಾಸಿಗೆಯನ್ನು ಬಂಡೆಯ ಮೇಲೆಳೆದುಕೊಂಡು ಮಲಗಿದರು. ಚಾಲಕ ಅದೇ ರಾತ್ರಿ ಮೂರು ಕಾಲಿನ ಎರಕದ ಕಬ್ಬಿಣದ ಮಡಕೆಯಲ್ಲಿ, ಅಲ್ಲಿನವರು ಪೊಯ್ಕಿ ಎನ್ನುವುದರಲ್ಲಿ, ಮೂರು ಗಂಟೆ ಸಣ್ಣ ಕೆಂಡದ ಮೇಲೆ ಅಡುಗೆ ಮಾಡಿದ.

ಊಟದ ಮಾತು ಬಂದುದರಿಂದ ಹೇಳುತ್ತೇನೆ. ಮಾಂಸ ತಿನ್ನುವವರಿಗೆ ಕೆಂಡದ ಮೇಲೆ ಸುಡುವ ಬ್ರಾಯ್ ಪದ್ಧತಿಯ ಊಟ ಹಬ್ಬದಂತಿತ್ತು. ನಾವು ಸಸ್ಯಾಹಾರಿಗಳೆಂದು ಎರಡು ತಿಂಗಳ ಮೊದಲೇ ಬರೆದು ತಿಳಿಸಿದ್ದರೂ ಕಚೇರಿಯವರು ಅದನ್ನು ಅಡುಗೆಯವನಿಗೆ ತಿಳಿಸಿರಲಿಲ್ಲ. ಮೊದಲ ರಾತ್ರಿ ನಮಗೆ ಸಿಕ್ಕಿದ್ದು ಆಲೂಗಡ್ಡೆ ಮತ್ತು ಬ್ರೆಡ್. ಮರುದಿನದಿಂದ ಅವನು ಸಣ್ಣ ಮಡಕೆಯೊಂದನ್ನು ನಮಗಾಗಿಯೇ ಬೇರೆ ಇಟ್ಟು, ಸಿಹಿಗುಂಬಳ, ಹುರುಳಿಕಾಯಿ, ಮೆಕ್ಕೆಜೋಳದ ಹಿಟ್ಟಿನ ಪಾಪ್ ಎಂಬ ಗಟ್ಟಿ ಗಂಜಿ, ಚಕಲಕ ಎಂಬ ಖಾರದ ತರಕಾರಿ ಪಲ್ಯ ಎಂದು ದಿನಕ್ಕೊಂದು ಬಗೆ ಮಾಡಿ ಬಡಿಸಿದ. ಕಚೇರಿಯ ತಪ್ಪನ್ನು ಕೆಲಸಗಾರ ಸರಿಪಡಿಸುವುದು ಈ ಪ್ರವಾಸದಲ್ಲಿ ಮತ್ತೆಮತ್ತೆ ಕಂಡ ಚಿತ್ರ.

ಟ್ವೈಫಲ್‌ಫಾಂಟೇನ್‌ನ ಬಂಡೆಗಳ ಮೇಲೆ 2,000ಕ್ಕೂ ಹೆಚ್ಚು ಕೆತ್ತನೆಗಳಿವೆ. 2007ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಈ ತಾಣವನ್ನು ಸ್ಥಳೀಯ ಮಾರ್ಗದರ್ಶಿಯ ಜೊತೆಯಲ್ಲಿಯೇ ನೋಡಬೇಕು. ನಮ್ಮ ಜೊತೆ ಬಂದ ಡಮಾರ ಜನಾಂಗದ ಹೆಣ್ಣುಮಗಳು ತನ್ನ ಭಾಷೆಯ ನಾಲ್ಕು ಬಗೆಯ ನಾಲಗೆ ಚಿಟುಕುಗಳನ್ನು ಕಲಿಸಲು ಮಾಡಿದ ಪ್ರಯತ್ನ ನಮ್ಮ ಮಟ್ಟಿಗೆ ವಿಫಲವಾಯಿತು. ಸಮುದ್ರದಿಂದ ಅಷ್ಟು ದೂರದ ಬಂಡೆಯ ಮೇಲೆ ಸೀಲ್ ಪ್ರಾಣಿಯ ಚಿತ್ರವಿರುವುದನ್ನು ತೋರಿಸಿ, ಕೆತ್ತಿದವರು ಕರಾವಳಿಯವರೆಗೂ ನಡೆದು ಬಂದವರಾಗಿರಬೇಕೆಂದು ಆಕೆ ಹೇಳಿದ್ದು ಮಾತ್ರ ಮನಸ್ಸಿನಲ್ಲಿ ಉಳಿಯಿತು. ಒಣನದಿಯ ಪಾತ್ರದಲ್ಲಿ ಮರುಭೂಮಿಯ ಆನೆಗಳು ಕಾಣಬಹುದೆಂದಿದ್ದರು. ನಮಗೆ ಲದ್ದಿಯೂ ಮುರಿದ ಕೊಂಬೆಗಳೂ ಕಂಡವು. ಕಾಡಿನ ಪ್ರಾಣಿಗೆ ವೇಳಾಪಟ್ಟಿಯಿಲ್ಲ, ಅದಕ್ಕೆ ಯಾರನ್ನೂ ದೂರುವುದಿಲ್ಲ.

ಎಟೋಶ ರಾಷ್ಟ್ರೀಯ ಉದ್ಯಾನದ ವಿಷಯದಲ್ಲಿ ಸಂಸ್ಥೆಯ ಪ್ರಚಾರಪತ್ರದಲ್ಲಿದ್ದ ಒಂದು ಸುಳ್ಳನ್ನು ತಿದ್ದಬೇಕು. ಸಿಂಹ, ಚಿರತೆ, ಆನೆ, ಘೇಂಡಾಮೃಗ, ಕಾಡೆಮ್ಮೆ ಈ ಐದೂ ದೊಡ್ಡ ಪ್ರಾಣಿಗಳನ್ನು ನೋಡುವ ಅವಕಾಶ ಎಂದು ಅದರಲ್ಲಿ ಅಚ್ಚಾಗಿತ್ತು. ಎಟೋಶದಲ್ಲಿ ಕಾಡೆಮ್ಮೆಯೇ ಇಲ್ಲ. ಇಲ್ಲದ ಪ್ರಾಣಿಯ ಆಸೆ ತೋರಿಸುವ ಅಗತ್ಯ ಆ ಉದ್ಯಾನಕ್ಕಂತೂ ಇಲ್ಲ. 1907ರಲ್ಲಿ ರಕ್ಷಿತ ಪ್ರದೇಶವೆಂದು ಘೋಷಣೆಯಾದ, ಈಗ 22,000 ಚದರ ಕಿಲೋಮೀಟರಿಗೂ ಹೆಚ್ಚಿರುವ ಈ ಉದ್ಯಾನದ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಜಾಗವನ್ನು ಉಪ್ಪಿನ ಬಿಳಿ ಬಯಲೊಂದೇ ಆಕ್ರಮಿಸಿದೆ. ಒಣಗಾಲದಲ್ಲಿ ನೀರಿರುವುದು ಅದರ ಅಂಚಿನ ಹೊಂಡಗಳಲ್ಲಿ ಮಾತ್ರ. ಹೀಗಾಗಿ ಪ್ರಾಣಿಗಳನ್ನು ಹುಡುಕುತ್ತ ಅಲೆಯಬೇಕಾಗಿಲ್ಲ, ಒಂದು ಹೊಂಡದ ಬಳಿ ಎಂಜಿನ್ ಆರಿಸಿ ಕುಳಿತರೆ ಸಾಕು. ಬಿಳಿ ಮಣ್ಣು ಎರಚಿಕೊಂಡು ಸುಣ್ಣ ಬಳಿದಂತಾದ ಆನೆಗಳು, ಕಾಲು ಅಗಲಿಸಿ ಅಂಜುತ್ತ ಬಗ್ಗುವ ಜಿರಾಫೆಗಳು, ನೂರಾರು ಸ್ಪ್ರಿಂಗ್‌ಬಾಕ್ ಮತ್ತು ಜೀಬ್ರಾಗಳು, ನೀಳ ಕೊಂಬಿನ ಓರಿಕ್ಸ್‌ಗಳು ತಮ್ಮ ಸರದಿಯಂತೆ ಬಂದು ಹೋಗುತ್ತವೆ. ಲಾರಿಯ ಎತ್ತರದ ಕಿಟಕಿ ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬಂತು, ಕಾರಿನವರಿಗೆ ಕಾಣದ ಪೊದೆಯಾಚೆಯ ಸಿಂಹಿಣಿ ನಮಗೆ ಕಂಡಳು. ಮಾರ್ಗದರ್ಶಿ ಮಾತ್ರ ಒಂದು ಹೊಂಡದಿಂದ ಇನ್ನೊಂದಕ್ಕೆ ಹೋಗುವ ಆತುರ ತೋರದೆ ಒಂದೇ ಕಡೆ ಎರಡು ಗಂಟೆ ನಿಲ್ಲಿಸಿದ. ಗುಂಪಿನಲ್ಲಿ ಇಬ್ಬರು ಗೊಣಗಿದರು, ನನ್ನ ಮತ ಅವನ ಪರ.

ಉದ್ಯಾನದ ರಸ್ತೆಗಳಲ್ಲಿ ಸೂರ್ಯಾಸ್ತದ ನಂತರ ಪ್ರವಾಸಿಗರ ವಾಹನ ಓಡುವಂತಿಲ್ಲ. ಗೇಟಿನ ಹೊರಗೆ ತಂಗುವವರ ದಿನ ಅಲ್ಲಿಗೆ ಮುಗಿಯಿತು. ಒಕಾಕುಯೇಯೋ ಶಿಬಿರದಲ್ಲಿ ಡೇರೆ ಹೂಡಿದವರ ದಿನ ಆಗ ಶುರುವಾಗುತ್ತದೆ. ಶಿಬಿರದ ಅಂಚಿನಲ್ಲೇ ಒಂದು ಹೊಂಡವಿದೆ, ಅದಕ್ಕೆ ರಾತ್ರಿಯಿಡೀ ಮಂದ ಬೆಳಕು ಬಿಟ್ಟಿರುತ್ತಾರೆ, ಗಿಡ್ಡ ಗೋಡೆಯ ಈಚೆ ಬೆಂಚುಗಳಿವೆ. ಊಟ ಮುಗಿಸಿ ಕಂಬಳಿ ಹೊದ್ದು ಅಲ್ಲಿ ಕುಳಿತೆವು. ಹತ್ತು ಗಂಟೆಯ ಹೊತ್ತಿಗೆ ಕಪ್ಪು ಘೇಂಡಾಮೃಗವೊಂದು ಮರಿಯೊಂದಿಗೆ ಕತ್ತಲಿಂದ ಬಂತು, ಅದರ ಬಿಂಬ ನೀರಿನಲ್ಲಿ ತಲೆಕೆಳಗಾಗಿ ಕದಲದೆ ನಿಂತಿತು. ಸ್ವಲ್ಪ ಹೊತ್ತಿಗೆ ಆನೆಯೊಂದು ಬಂದು ಕಿವಿ ಬಿಚ್ಚಿದಾಗ ಘೇಂಡಾಮೃಗ ಬುಸುಗುಟ್ಟಿತೇ ಹೊರತು ಜಾಗ ಬಿಡಲಿಲ್ಲ. ಬೆಂಚುಗಳ ಮೇಲೆ ಐವತ್ತು ಜನರಿದ್ದರೂ ಕೆಮ್ಮಿನ ಸದ್ದೂ ಇರಲಿಲ್ಲ. ಘೇಂಡಾಮೃಗದ ಚಿತ್ರವನ್ನು ಎಲ್ಲಿಯಾದರೂ ಹಾಕುವ ಮೊದಲು ಫೋನಿನಲ್ಲಿ ಸ್ಥಳದ ಗುರುತನ್ನು ಆರಿಸಿ ಎಂದು ಮಾರ್ಗದರ್ಶಿ ಪಿಸುಗುಟ್ಟಿದ, ಬೇಟೆಗಳ್ಳರೂ ಅಂತರ್ಜಾಲ ನೋಡುತ್ತಾರಂತೆ. ಎರಡು ರಾತ್ರಿ ಅಲ್ಲಿ ಒಟ್ಟು ಒಂಬತ್ತು ಗಂಟೆ ಕುಳಿತಿದ್ದೇನೆ. ಡೇರೆಗೂ ಹೊಂಡಕ್ಕೂ ನಡುವೆ ಕೆಲವೇ ನಿಮಿಷದ ನಡಿಗೆಯಿದ್ದುದರಿಂದ ಇದು ಸಾಧ್ಯವಾಯಿತು. ರಾತ್ರಿ ಬೂಟುಗಳನ್ನು ಡೇರೆಯ ಹೊರಗೆ ಬಿಡಬೇಡಿ, ನರಿಗಳು ಎಳೆದೊಯ್ಯುತ್ತವೆ. ನಮ್ಮ ಗುಂಪಿನ ಒಬ್ಬರು ಈ ಎಚ್ಚರಿಕೆಯನ್ನು ತಮಾಷೆಯೆಂದು ತಿಳಿದು ಮುಂದಿನ ಎರಡು ದಿನ ಚಪ್ಪಲಿಯಲ್ಲಿ ಕಳೆದರು.

ಎಟೋಶದಲ್ಲಿ ನಮ್ಮ ನುಗ್ಗೆಯ ಬಳಗಕ್ಕೇ ಸೇರಿದ ಒಂದು ಮೊರಿಂಗ ಮರವಿದೆ, ಊದಿದ ಬಿಳಿ ಕಾಂಡ, ತಿರುಚಿದ ಕೊಂಬೆ. ನೋಡಿದರೆ ನೆಂಟಸ್ತಿಕೆಯನ್ನು ನಂಬುವುದು ಕಷ್ಟ.

ಮೂರನೆಯ ರಾತ್ರಿಗೆ ಉದ್ಯಾನದ ಪೂರ್ವ ತುದಿಯ ನಮುಟೋನಿ, ಹಳೆಯ ಜರ್ಮನ್ ಕೋಟೆಯಿರುವ ಶಿಬಿರ. ಪ್ರವಾಸದ ಎರಡನೆಯ ದೊಡ್ಡ ತಪ್ಪು ಇಲ್ಲಿ ನಡೆಯಿತು. ಅಲ್ಲಿಂದ ವಿಂಡ್‌ಹುಕ್‌ಗೆ 500 ಕಿಲೋಮೀಟರಿಗೂ ಹೆಚ್ಚು. ಮರುದಿನ ಸಂಜೆಯೇ ಕೆಲವರಿಗೆ ವಿಮಾನವಿದ್ದ ಕಾರಣ, ಗೇಟು ತೆರೆದ ಗಳಿಗೆಯಲ್ಲೇ ಹೊರಬಿದ್ದು ಡಾಂಬರು ರಸ್ತೆ ಹಿಡಿದೆವು. ಪ್ರಾಣಿಗಳು ಹೊಂಡಗಳಿಗೆ ಬರುವ ತಂಪು ಹೊತ್ತಿನಲ್ಲಿ ನಾವು ಅವಕ್ಕೆ ಬೆನ್ನು ಹಾಕಿ ಓಡುತ್ತಿದ್ದೆವು. ಗೇಟಿನೊಳಗೆ ತಂಗಲು ಕೊಟ್ಟ ಹಣ ಆ ರಾತ್ರಿಯ ಮಟ್ಟಿಗೆ ಬರೀ ನಿದ್ದೆಗೆ ಖರ್ಚಾಯಿತು. ಹನ್ನೊಂದನೆಯ ದಿನವೊಂದನ್ನು ಸೇರಿಸಬೇಕು, ಇಲ್ಲವೇ ಸ್ವಾಕೊಪ್‌ಮುಂಡ್‌ನ ಒಂದು ರಾತ್ರಿಯನ್ನು ತೆಗೆದು ಇತ್ತ ಹಾಕಬೇಕು.

ಇಷ್ಟಾದರೂ ಚಳಿ, ಧೂಳು, ದಿನಕ್ಕೆ ಐದಾರು ಗಂಟೆಯ ಕುಲುಕಾಟ ಇವುಗಳಿಗೆ ಅಂಜದ, ಮೊಣಕಾಲು ಗಟ್ಟಿಯಿರುವ ಯಾರಿಗಾದರೂ ಈ ಪ್ರವಾಸವನ್ನು ಸೂಚಿಸುತ್ತೇನೆ. ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ, ಅದರಲ್ಲಿ ಹೆಚ್ಚಿನ ಪಾಲು ಮಾರ್ಗದರ್ಶಿ ಮತ್ತು ಚಾಲಕರಿಗೆ ಸಲ್ಲತಕ್ಕದ್ದು. ಬೇರೆ ಸಂಸ್ಥೆಗಳನ್ನು ವಿಚಾರಿಸುವವರು ಸೆಸ್ರೀಮ್‌ನಲ್ಲೂ ಎಟೋಶದಲ್ಲೂ ಡೇರೆ ಗೇಟಿನ ಯಾವ ಕಡೆ ಎಂಬುದನ್ನು ಬರೆಸಿಕೊಳ್ಳಬೇಕು. ಬೆಲೆ ಕಡಿಮೆ ಹೇಳುವ ಕೆಲವರು ಹೊರಗೆ ತಂಗಿಸುತ್ತಾರೆ, ಪ್ರಚಾರಪತ್ರದಲ್ಲಿ ಮಾತ್ರ ಎರಡಕ್ಕೂ ಒಂದೇ ಹೆಸರು. ನಮೀಬಿಯದಲ್ಲಿ ದಕ್ಷಿಣ ಆಫ್ರಿಕದ ರಾಂಡ್ ಸಮಬೆಲೆಗೆ ನಡೆಯುತ್ತದೆ. ನಮೀಬಿಯದ ಡಾಲರ್ ಗಡಿಯಾಚೆ ನಡೆಯುವುದು ಕಷ್ಟವಾದ್ದರಿಂದ, ಜೋಹಾನ್ಸ್‌ಬರ್ಗ್ ಮೂಲಕ ಮರಳುವವರು ಅದನ್ನು ವಿಂಡ್‌ಹುಕ್‌ನಲ್ಲೇ ಮುಗಿಸಿಕೊಳ್ಳುವುದು ಲೇಸು.

ಕೊನೆಯ ದಿನದ ಓಟದ ಬಗ್ಗೆ ಸಂಸ್ಥೆಗೆ ವಿವರವಾಗಿ ಬರೆದೆ. ಸಲಹೆಯನ್ನು ಪರಿಶೀಲಿಸುತ್ತೇವೆಂದು ಮೂರು ದಿನದಲ್ಲಿ ವಿನಯದ ಉತ್ತರ ಬಂತು. ಮುಂದಿನ ವರ್ಷದ ಕಾರ್ಯಕ್ರಮಪಟ್ಟಿಯನ್ನು ಈಗ ಪ್ರಕಟಿಸಿದ್ದಾರೆ. ಕಾಡೆಮ್ಮೆಯ ಹೆಸರನ್ನು ತೆಗೆದಿದ್ದಾರೆ. ಹತ್ತನೆಯ ದಿನದ ಎದುರು ಅದೇ ಹಳೆಯ ಸಾಲಿದೆ: ನಮುಟೋನಿಯಿಂದ ವಿಂಡ್‌ಹುಕ್, ಬೆಳಿಗ್ಗೆ ಬೇಗ ನಿರ್ಗಮನ.